ಕನ್ನಡ ಜಾಲಪುಟ ಕಟ್ಟುವವರ ಸಲಕರಣೆಗಳು

ಜಾಲಪುಟವೊಂದು ಮೂರು ಸಂಕೇತಭಾಷೆಗಳ ಮೇಲೆ ನಿಂತಿರುತ್ತದೆ: ಪುಟದ ರಚನೆಯನ್ನು ತಿಳಿಸುವ ಎಚ್‌ಟಿಎಂಎಲ್, ಬಣ್ಣ, ಅಳತೆ, ಅಂತರಗಳನ್ನು ನಿಗದಿಪಡಿಸುವ ಸಿಎಸ್‌ಎಸ್, ಓದುಗರು ಗುಂಡಿ ಒತ್ತಿದಾಗ ಅಥವಾ ಅರ್ಜಿ ತುಂಬಿದಾಗ ಆಗಬೇಕಾದುದನ್ನು ಆಗಿಸುವ ಜಾವಾಸ್ಕ್ರಿಪ್ಟ್. 1989ರಲ್ಲಿ ಜಿನೀವಾ ಬಳಿಯ ಸೆರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ ಮುಂದಿಟ್ಟ ಪ್ರಸ್ತಾವದಿಂದ ಹುಟ್ಟಿದ ವಿಶ್ವವ್ಯಾಪಿ ಜಾಲಕ್ಕೆ 1994ರಲ್ಲಿ ಡಬ್ಲ್ಯೂ3ಸಿ ಎಂಬ ಮಾನಕ ಸಂಸ್ಥೆ ರೂಪುಗೊಂಡಿತು. ಅದರ ಮಾನಕಗಳು ಯಾರು ಬೇಕಾದರೂ ಓದಿ ಬಳಸಬಹುದಾದಷ್ಟು ಮುಕ್ತವಾಗಿರುವುದರಿಂದಲೇ ಈ ಕಸುಬಿನ ಮುಖ್ಯ ಸಲಕರಣೆಗಳಲ್ಲಿ ಹೆಚ್ಚಿನವು ಇಂದು ಉಚಿತವಾಗಿ ದೊರೆಯುತ್ತಿವೆ. ಆದರೆ ಇವುಗಳಲ್ಲಿ ಬಹುಪಾಲು ರೋಮನ್ ಲಿಪಿಯನ್ನು ಮುಂದಿಟ್ಟುಕೊಂಡು ಬೆಳೆದವು. ಕನ್ನಡದ ಪುಟ ಕಟ್ಟುವವರು ಸಲಕರಣೆಯ ಹೆಸರು ತಿಳಿದರೆ ಸಾಲದು, ಅದು ಕನ್ನಡ ಲಿಪಿಯ ವಿಷಯದಲ್ಲಿ ಏನನ್ನು ಕಾಣುತ್ತದೆ, ಏನನ್ನು ಕಾಣದೆ ಬಿಡುತ್ತದೆ ಎಂಬುದನ್ನೂ ತಿಳಿದಿರಬೇಕು.

ಮೊದಲು ಹೇಳಬೇಕಾದದ್ದು ಬ್ರೌಸರಿನೊಳಗೇ ಇರುವ ಡೆವಲಪರ್ ಟೂಲ್ಸ್ ಬಗ್ಗೆ. 2006ರಲ್ಲಿ ಫೈರ್‌ಫಾಕ್ಸ್ ಬ್ರೌಸರಿಗೆ ಪ್ರತ್ಯೇಕವಾಗಿ ಸೇರಿಸಿಕೊಳ್ಳುವಂತೆ ಬಂದ ಫೈರ್‌ಬಗ್ ಎಂಬ ಉಪಕರಣ, ತೆರೆಯ ಮೇಲಿನ ಪುಟವನ್ನು ಅಲ್ಲಿಯೇ ಬಿಚ್ಚಿ ನೋಡುವ, ಅಲ್ಲಿಯೇ ತಿದ್ದಿ ಪರೀಕ್ಷಿಸುವ ಅಭ್ಯಾಸವನ್ನು ಜನಪ್ರಿಯಗೊಳಿಸಿತು. ಈಗ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿಗಳೆಲ್ಲದರಲ್ಲೂ ಈ ಸೌಲಭ್ಯ ಜೊತೆಗೇ ಬರುತ್ತದೆ. ಪುಟದ ಯಾವುದೇ ಭಾಗದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಇನ್‌ಸ್ಪೆಕ್ಟ್’ ಆಯ್ದುಕೊಂಡರೆ ಆ ಭಾಗದ ಎಚ್‌ಟಿಎಂಎಲ್ ಒಂದು ಕಡೆ, ಅದಕ್ಕೆ ಅನ್ವಯವಾಗುತ್ತಿರುವ ಸಿಎಸ್‌ಎಸ್ ನಿಯಮಗಳು ಇನ್ನೊಂದು ಕಡೆ ತೆರೆದುಕೊಳ್ಳುತ್ತವೆ. ಇಲ್ಲಿ ಮಾಡಿದ ತಿದ್ದುಪಡಿ ನೋಡುವವರ ಕಂಪ್ಯೂಟರಿಗಷ್ಟೇ ಸೀಮಿತ. ಪುಟವನ್ನು ಮತ್ತೆ ತೆರೆದರೆ ಅಳಿಸಿಹೋಗುತ್ತದೆ. ಆದ್ದರಿಂದ ಕಲಿಯುವವರು ನಿರ್ಭಯವಾಗಿ ಪ್ರಯೋಗ ಮಾಡಬಹುದು.

ಕನ್ನಡ ಪುಟಗಳಲ್ಲಿ ಪದೇ ಪದೇ ಕಾಣುವ ಒಂದು ದೋಷವನ್ನು ಈ ಸಲಕರಣೆಯಿಂದ ಪತ್ತೆಮಾಡುವ ಬಗೆಯನ್ನು ಗಮನಿಸಬಹುದು. ‘ರಾಷ್ಟ್ರೀಯ’ ಎಂಬ ಪದದಲ್ಲಿ ಷಕಾರಕ್ಕೆ ಟ ಮತ್ತು ರ ಎರಡರ ಒತ್ತುಗಳು ಸೇರಿ ಸಾಲಿನ ಕೆಳಕ್ಕೆ ಇಳಿಯುತ್ತವೆ. ರೋಮನ್ ಅಕ್ಷರಗಳ ಅಳತೆಗೆ ಸಿದ್ಧಪಡಿಸಿದ ಮಾದರಿ ಪುಟದಲ್ಲಿ ಸಾಲಿನ ಎತ್ತರ, ಅಂದರೆ ಲೈನ್-ಹೈಟ್, ಅಕ್ಷರದ ಗಾತ್ರದ 1.2 ಪಟ್ಟು ಇದ್ದು, ಚೌಕಟ್ಟಿನಿಂದ ಹೊರಬಿದ್ದುದನ್ನು ಮರೆಮಾಡಬೇಕೆಂಬ ನಿಯಮವೂ ಸೇರಿಕೊಂಡರೆ ಆ ಒತ್ತುಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ಇನ್‌ಸ್ಪೆಕ್ಟ್ ಪಟ್ಟಿಯಲ್ಲಿ ಆ ಸಂಖ್ಯೆಯನ್ನು 1.6ಕ್ಕೋ 1.8ಕ್ಕೋ ಏರಿಸಿ ನೋಡಿದರೆ ಒತ್ತುಗಳು ಪೂರ್ಣವಾಗಿ ಕಾಣಿಸಿಕೊಂಡು, ದೋಷ ಎಲ್ಲಿತ್ತೆಂಬುದು ಅಲ್ಲಿಯೇ ತಿಳಿಯುತ್ತದೆ. ವಿನ್ಯಾಸಕಾರರು ಅರ್ಥವಿಲ್ಲದ ಲ್ಯಾಟಿನ್ ಮಾದರಿ ಪಠ್ಯವನ್ನು ತುಂಬಿ ಪುಟವನ್ನು ಒಪ್ಪಿಸುವ ರೂಢಿಯೇ ಈ ದೋಷದ ಮೂಲ. ಕನ್ನಡದ ಪುಟವನ್ನು ಮೊದಲ ದಿನದಿಂದಲೇ ಒತ್ತಕ್ಷರಗಳು ದಟ್ಟವಾಗಿರುವ ನಿಜವಾದ ಕನ್ನಡ ವಾಕ್ಯಗಳಿಂದಲೇ ರೂಪಿಸಬೇಕು.

ಎರಡನೆಯ ಮುಖ್ಯ ಸಂಪನ್ಮೂಲವೆಂದರೆ ಫಾಂಟ್, ಅಂದರೆ ಅಕ್ಷರಶೈಲಿ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ರೂಪಗಳನ್ನು ಕೂರಿಸುತ್ತಿದ್ದುದರಿಂದ, ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಬರಹ ಅರ್ಥವಾಗದ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು, ಹುಡುಕಾಟಕ್ಕೂ ಸಿಗುತ್ತಿರಲಿಲ್ಲ. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಮಾನಕ, 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗವನ್ನು ಕಾದಿರಿಸಿತ್ತು. ಮುದ್ರಣಕ್ಕೆಂದು ಹಳೆಯ ಸಂಕೇತದಲ್ಲಿ ಜೋಡಿಸಿದ ಬರಹಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ; ಆದರೂ ಅರ್ಕಾವತ್ತು, ಒತ್ತುಗಳಿರುವ ಕಡೆಗಳಲ್ಲಿ ಕರಡು ತಿದ್ದುವವರ ಕಣ್ಣು ಹಾಯಲೇಬೇಕು.

2010ರಲ್ಲಿ ಆರಂಭವಾದ ಗೂಗಲ್ ಫಾಂಟ್ಸ್ ಸಂಗ್ರಹದಲ್ಲಿ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ, ಅನೇಕ್ ಕನ್ನಡ ಮೊದಲಾದವು ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ. ದೀರ್ಘ ಬರಹಕ್ಕೆ ನೋಟೊ ಅಥವಾ ತಿರೋ ಹೊಂದುತ್ತದೆ. ದುಂಡಾದ ದಪ್ಪ ಬಾಲೂ ತಮ್ಮ ಶೀರ್ಷಿಕೆಗೆ ಚೆಂದ, ಪುಟಗಟ್ಟಲೆ ಓದಲು ಅಲ್ಲ. ಕಾಗುಣಿತ, ಒತ್ತಕ್ಷರಗಳ ಅನೇಕ ರೂಪಗಳನ್ನು ಒಳಗೊಳ್ಳಬೇಕಾದ್ದರಿಂದ ಕನ್ನಡದ ಫಾಂಟ್ ಕಡತ ಸಾಮಾನ್ಯವಾಗಿ ರೋಮನ್ ಕಡತಕ್ಕಿಂತ ದೊಡ್ಡದಾಗಿರುತ್ತದೆ. ಅದನ್ನು ವಾಫ್2 ಎಂಬ ಸಂಕುಚಿತ ರೂಪದಲ್ಲಿ ಕಳುಹಿಸುವುದೂ, ಕಡತ ಬಂದು ಸೇರುವವರೆಗೆ ಫೋನಿನಲ್ಲೇ ಇರುವ ಕನ್ನಡ ಅಕ್ಷರಶೈಲಿಯಲ್ಲಿ ಬರಹ ಕಾಣುವಂತೆ ಸಿಎಸ್‌ಎಸ್‌ನಲ್ಲಿ ಸೂಚಿಸುವುದೂ ಅಗತ್ಯ. ನಿಧಾನಗತಿಯ ಸಂಪರ್ಕದಲ್ಲಿ ಪುಟ ಹೇಗೆ ತೆರೆದುಕೊಳ್ಳುತ್ತದೆಂಬುದನ್ನು ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ವೇಗವನ್ನು ಬೇಕೆಂದೇ ತಗ್ಗಿಸಿ ನೋಡಬಹುದು.

ಅರ್ಜಿ ನಮೂನೆಗಳನ್ನು ರಚಿಸುವವರಿಗೆ ಎಣಿಕೆಯ ತೊಡಕೊಂದು ಎದುರಾಗುತ್ತದೆ. ‘ರಾಷ್ಟ್ರೀಯ’ದಲ್ಲಿ ಓದುಗರಿಗೆ ಕಾಣುವುದು ಮೂರು ಅಕ್ಷರ; ಅರ್ಧಾಕ್ಷರ ಸೂಚಕ, ಸ್ವರಚಿಹ್ನೆಗಳೂ ಬೇರೆ ಬೇರೆ ಸಂಖ್ಯೆ ಪಡೆದಿರುವುದರಿಂದ ಜಾವಾಸ್ಕ್ರಿಪ್ಟ್ ಅದನ್ನು ಒಂಬತ್ತೆಂದು ಎಣಿಸುತ್ತದೆ; ಯುಟಿಎಫ್-8 ಎಂಬ ಸಂಗ್ರಹ ಕ್ರಮದಲ್ಲಿ ಒಂದೊಂದಕ್ಕೂ ಮೂರು ಬೈಟ್ ಬೇಕಾಗಿ ಅದು 27 ಬೈಟ್ ಜಾಗ ಹಿಡಿಯುತ್ತದೆ. ಹೆಸರಿಗೆ ಇಪ್ಪತ್ತೇ ಅಕ್ಷರವೆಂದು ಮಿತಿ ಹಾಕಿದ ನಮೂನೆ ಕನ್ನಡದ ಸಾಧಾರಣ ಹೆಸರನ್ನೂ ನಡುವೆಯೇ ಕಡಿದುಹಾಕುವುದು ಇದರಿಂದಲೇ. ಇದಲ್ಲದೆ ದೀರ್ಘ ಈಕಾರದ ಚಿಹ್ನೆಯನ್ನು ಒಂದೇ ಸಂಖ್ಯೆಯಾಗಿಯೂ, ಗುಡಿಸು ಮತ್ತು ದೀರ್ಘ ಎಂಬ ಎರಡು ಸಂಖ್ಯೆಗಳಾಗಿಯೂ ಬರೆಯಲು ಯೂನಿಕೋಡಿನಲ್ಲಿ ಅವಕಾಶವಿದೆ. ಕಣ್ಣಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ. ಜಾವಾಸ್ಕ್ರಿಪ್ಟಿನಲ್ಲಿಯೇ ಇರುವ ನಾರ್ಮಲೈಸ್ ಎಂಬ ಸೌಲಭ್ಯದಿಂದ ಎರಡನ್ನೂ ಒಂದೇ ರೂಪಕ್ಕೆ ತಂದು ಆಮೇಲೆ ಹೋಲಿಸಬೇಕು.

ಉಳಿದ ಸಾಮಾನ್ಯ ಸಲಕರಣೆಗಳಿಗೆ ಲಿಪಿಯ ಹಂಗಿಲ್ಲ. ಬರವಣಿಗೆಗೆ ವಿಷುಯಲ್ ಸ್ಟುಡಿಯೋ ಕೋಡ್, ಕೆಲಸದ ಪ್ರತಿ ಹಂತವನ್ನೂ ದಾಖಲಿಸಿ ಬೇಕೆಂದಾಗ ಹಿಂದಿನ ಹಂತಕ್ಕೆ ಮರಳಲು 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ರಚಿಸಿದ ಗಿಟ್, ಕಲಿಕೆಗೆ ಮೊಜಿಲ್ಲಾದ ಎಂಡಿಎನ್ ಆಕರಕೋಶ, ಎಚ್‌ಟಿಎಂಎಲ್ ತಪ್ಪುಗಳನ್ನು ಸಾಲುಸಂಖ್ಯೆಯೊಡನೆ ತೋರಿಸುವ ಡಬ್ಲ್ಯೂ3ಸಿಯ ವ್ಯಾಲಿಡೇಟರ್: ಇಷ್ಟು ಇದ್ದರೆ ಆರಂಭಕ್ಕೆ ಯಾವ ಕೊರತೆಯೂ ಇಲ್ಲ.

ಎಲ್ಲರಿಗೂ ಎಟಕುವ ಪುಟ ರೂಪಿಸುವ ವಿಷಯ ಮಾತ್ರ ಹೆಚ್ಚಿನ ಗಮನ ಬೇಡುತ್ತದೆ. ಡಬ್ಲ್ಯೂ3ಸಿಯ ಮಾರ್ಗಸೂಚಿಯ ಮಧ್ಯಮ ಸ್ತರದಂತೆ ಸಾಧಾರಣ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವಿನ ಬೆಳಕಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು. ಕ್ರೋಮ್‌ನೊಳಗಿನ ಲೈಟ್‌ಹೌಸ್ ಇದನ್ನೂ, ಪುಟದ ವೇಗವನ್ನೂ ಪರೀಕ್ಷಿಸಿ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತದೆ. ಪುಟದ ಭಾಷೆ ಯಾವುದೆಂದು ಎಚ್‌ಟಿಎಂಎಲ್‌ನ ಆರಂಭದಲ್ಲೇ ‘ಲ್ಯಾಂಗ್’ ಎಂಬ ಗುರುತಿನಿಂದ ಹೇಳಬೇಕಾಗಿದ್ದು, ಕನ್ನಡಕ್ಕೆ ‘ಕೆಎನ್’ ಎಂಬ ಸಂಕೇತವಿದೆ. ಸಿದ್ಧ ಮಾದರಿಗಳಲ್ಲಿ ಇಂಗ್ಲಿಷಿನ ಸಂಕೇತ ಮೊದಲೇ ಕೂತಿರುತ್ತದೆ. ಲೈಟ್‌ಹೌಸ್ ಗುರುತು ಇದೆಯೇ, ಸಂಕೇತ ಮಾನ್ಯವೇ ಎಂದಷ್ಟೇ ನೋಡುವುದರಿಂದ, ಕನ್ನಡದ ಪುಟ ಇಂಗ್ಲಿಷೆಂದು ಘೋಷಿಸಿಕೊಂಡಿದ್ದರೂ ಆ ಪರೀಕ್ಷೆಯಲ್ಲಿ ಪೂರ್ಣ ತೇರ್ಗಡೆಯಾಗುತ್ತದೆ. ತೊಂದರೆ ತಟ್ಟುವುದು ತೆರೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರನ್ನು ನೆಚ್ಚಿಕೊಂಡ ದೃಷ್ಟಿವಿಕಲರಿಗೆ: ಆ ತಂತ್ರಾಂಶ ಈ ಗುರುತನ್ನು ನೋಡಿಯೇ ಧ್ವನಿಯನ್ನು ಆರಿಸಿಕೊಳ್ಳಬಲ್ಲದು. ಉಚಿತವಾದ ಎನ್‌ವಿಡಿಎ ಸ್ಕ್ರೀನ್ ರೀಡರಿನ ಜೊತೆಗೆ ಬರುವ ಇಸ್ಪೀಕ್ ಧ್ವನಿಯಂತ್ರದಲ್ಲಿ ಕನ್ನಡವೂ ಇರುವುದರಿಂದ, ಪುಟವನ್ನು ಪ್ರಕಟಿಸುವ ಮುನ್ನ ಅದನ್ನು ಒಮ್ಮೆ ಕಿವಿಯಿಂದ ಓದಿಸಿಕೊಂಡು ನೋಡುವುದಕ್ಕೆ ಹಣವೇನೂ ಬೇಕಿಲ್ಲ.