ಸಂಪ್ರದಾಯದ ಸ್ಪೋರ್ಟ್ಸ್ ಕಾರೂ ಮಿಶ್ರಚಾಲನೆಯೂ

ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಪೋರ್ಷೆ ಕಾರ್ಖಾನೆಯವರು ೨೦೨೪ನೆಯ ಇಸವಿ ಮೇ ೨೮ರಂದು ತಮ್ಮ ‘೯೧೧’ ಎಂಬ ಕಾರಿನ ಹೊಸದೊಂದು ಆವೃತ್ತಿಯನ್ನು ಪ್ರಕಟಿಸಿದರು. ಸಾಮಾನ್ಯ ರಸ್ತೆಗಾಗಿ ತಯಾರಾದ ೯೧೧ ಕಾರುಗಳಲ್ಲಿ ಪೆಟ್ರೋಲ್ ಇಂಜಿನಿಗೆ ವಿದ್ಯುಚ್ಛಕ್ತಿಯನ್ನು ಜೊತೆಗೂಡಿಸಿದುದು ಇದೇ ಮೊದಲು. ಹೈಬ್ರಿಡ್ ಎಂದು ಲೋಕದಲ್ಲಿ ಹೆಸರಾದ ಈ ಏರ್ಪಾಡನ್ನು ಕನ್ನಡದಲ್ಲಿ ಮಿಶ್ರಚಾಲನೆಯೆನ್ನಬಹುದು. ಅರುವತ್ತು ವರ್ಷಗಳಿಂದ ಒಂದೇ ರೂಪರೇಖೆಯನ್ನು ಕಾಪಾಡಿಕೊಂಡು ಬಂದ ಕಾರಿಗೆ ಈ ಮಿಶ್ರಣವು ಒಪ್ಪುವುದೇ ಎಂಬ ಪ್ರಶ್ನೆಯು ಒಡನೆಯೇ ಎದ್ದಿತು. ಒಪ್ಪುವುದೆಂದವರು ಗಡಿಯಾರವನ್ನು ತೋರಿಸಿದರು. ಒಪ್ಪದೆಂದವರು ತಕ್ಕಡಿಯನ್ನು ತೋರಿಸಿದರು. ಆದರೆ ಸಂಪ್ರದಾಯವು ಆ ಕಾರಿನ ಯಾವ ಅಂಗದಲ್ಲಿ ನೆಲಸಿದೆ ಎಂಬುದನ್ನು ಮೊದಲು ನಿಶ್ಚಯಿಸದೆ ಈ ವಾದವನ್ನು ತೀರಿಸುವಂತಿಲ್ಲ.

ಪೂರ್ವೋದಾಹರಣೆಯೊಂದನ್ನು ಇಲ್ಲಿ ಪದೇಪದೇ ಹೇಳುವುದುಂಟು. ಈ ಸಂಸ್ಥೆಯ ಮೂಲಪುರುಷನಾದ ಫರ್ಡಿನಾಂಡ್ ಪೋರ್ಷೆಯು ೧೯೦೦ರ ಸುಮಾರಿನಲ್ಲಿ ವಿಯೆನ್ನಾದ ಲೋನರ್ ಕಾರ್ಖಾನೆಯಲ್ಲಿದ್ದಾಗ ‘ಸೆಂಪರ್ ವೀವುಸ್’ ಎಂಬ ಬಂಡಿಯನ್ನು ನಿರ್ಮಿಸಿದನು. ‘ಸದಾ ಜೀವಂತ’ವೆಂಬುದು ಆ ಲ್ಯಾಟಿನ್ ಹೆಸರಿನ ಅರ್ಥ. ಅದರಲ್ಲಿ ಪೆಟ್ರೋಲ್ ಇಂಜಿನುಗಳು ವಿದ್ಯುತ್ತನ್ನು ಉತ್ಪಾದಿಸುತ್ತಿದ್ದುವು. ಚಕ್ರಗಳ ಗುಂಬದಲ್ಲಿಯೇ ಕುಳಿತ ಮೋಟಾರುಗಳು ಬಂಡಿಯನ್ನು ನಡೆಯಿಸುತ್ತಿದ್ದುವು. ಆದಕಾರಣ ಮಿಶ್ರಚಾಲನೆಯು ಈ ಮನೆತನಕ್ಕೆ ಹೊಸದಲ್ಲವೆಂದು ಸಮರ್ಥಿಸುವರು. ಆದರೆ ಇದು ಹೆಸರಿನ ನಂಟೇ ಹೊರತು ಗುಣದ ನಂಟಲ್ಲ. ಆ ಬಂಡಿಯಲ್ಲಿ ಇಂಜಿನಿಗೂ ಚಕ್ರಕ್ಕೂ ನೇರವಾದ ಸಂಬಂಧವೇ ಇರಲಿಲ್ಲ. ೯೧೧ ಕಾರಿನ ಪ್ರತಿಷ್ಠೆಯೆಲ್ಲವೂ ಆ ಸಂಬಂಧದ ಮೇಲೆಯೇ ನಿಂತಿದೆ.

೧೯೬೩ನೆಯ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಈ ಕಾರು ‘೯೦೧’ ಎಂಬ ಹೆಸರಿನಿಂದ ಕಾಣಿಸಿಕೊಂಡಿತು. ನಡುವೆ ಸೊನ್ನೆಯುಳ್ಳ ಮೂರಂಕಿಯ ಹೆಸರುಗಳು ತಮಗೆ ಸೇರಿದುವೆಂದು ಫ್ರಾನ್ಸಿನ ಪೆಜೊ ಸಂಸ್ಥೆಯವರು ಆಕ್ಷೇಪಿಸಲು, ಮರುವರ್ಷ ‘೯೧೧’ ಎಂದು ಬದಲಾಯಿತು. ಹಿಂದಿನ ಚಕ್ರಗಳ ಅಚ್ಚಿನಿಂದಲೂ ಹಿಂದಕ್ಕೆ ಇಂಜಿನು. ಎದುರುಬದುರಾಗಿ ಮಲಗಿದ ಆರು ಸಿಲಿಂಡರುಗಳು. ಅವುಗಳನ್ನು ತಂಪುಗೊಳಿಸಲು ಗಾಳಿ. ಸುಮಾರು ೨ ಲೀಟರಿನ ಗಾತ್ರ, ೧೩೦ ಅಶ್ವಶಕ್ತಿ. ಒಟ್ಟು ತೂಕ ೧,೦೮೦ ಕಿಲೋಗ್ರಾಮಿನಷ್ಟು. ಭಾರವು ಹಿಂದಿದ್ದುದರಿಂದ ತಿರುವಿನಲ್ಲಿ ಬಾಲವು ಬೀಸುವ ಸ್ವಭಾವವಿತ್ತು. ಆದರೆ ತಿರುವನ್ನು ಬಿಟ್ಟು ಹೊರಡುವಾಗ ಹಿಂದಿನ ಚಕ್ರಗಳು ನೆಲವನ್ನು ಬಲವಾಗಿ ಹಿಡಿಯುತ್ತಿದ್ದುವು. ದೋಷವೆಂದು ತೋರುವುದನ್ನೇ ಗುಣವಾಗಿ ತಿದ್ದಿ ತೀಡಿದುದೇ ಈ ಕಾರಿನ ಚರಿತ್ರೆಯೆಂದರೆ ತಪ್ಪಾಗದು.

ಈ ಚರಿತ್ರೆಯಲ್ಲಿ ಸಂಪ್ರದಾಯಭಂಗದ ಕೂಗು ಎದ್ದುದು ಇದೇ ಮೊದಲಲ್ಲ. ೧೯೭೪ರಲ್ಲಿ ಟರ್ಬೊ, ಕೆಲವು ಕಾಲದ ಮೇಲೆ ನಾಲ್ಕು ಚಕ್ರಗಳ ಚಾಲನೆ, ೧೯೯೭ರಲ್ಲಿ ಗಾಳಿಗೆ ಬದಲು ನೀರಿನ ತಂಪು, ೨೦೧೫ರಲ್ಲಿ ಸಾಧಾರಣವಾದ ಕರೇರಾ ಮಾದರಿಗಳಿಗೂ ಟರ್ಬೊ—ಹೀಗೆ ಒಂದಾದ ಮೇಲೊಂದು ಬಂದುವು. ಇವುಗಳಲ್ಲಿ ಟರ್ಬೊದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಈಗಿನ ವಿದ್ಯುತ್ತು ಯಾವ ರೋಗಕ್ಕೆ ಮದ್ದಾಗಿ ಬಂದಿತೆಂಬುದು ಅಲ್ಲಿಯೇ ತಿಳಿಯುತ್ತದೆ.

ಇಂಜಿನಿನಿಂದ ಹೊರಬೀಳುವ ಬಿಸಿಹೊಗೆಯಲ್ಲಿ ಬಹಳ ಶಕ್ತಿಯು ವ್ಯರ್ಥವಾಗುವುದು. ಆ ಹೊಗೆಯ ದಾರಿಯಲ್ಲಿ ರೆಕ್ಕೆಗಾಲಿಯೊಂದನ್ನು ಇಟ್ಟು, ಅದೇ ಅಚ್ಚಿನ ಇನ್ನೊಂದು ತುದಿಯ ಗಾಲಿಯಿಂದ ಗಾಳಿಯನ್ನು ಸಿಲಿಂಡರಿನೊಳಕ್ಕೆ ಒತ್ತಿದರೆ, ಚಿಕ್ಕ ಇಂಜಿನು ದೊಡ್ಡದರ ಕೆಲಸವನ್ನು ಮಾಡಬಲ್ಲುದು. ಇದೇ ಟರ್ಬೊ. ಆದರೆ ಚಾಲಕನು ಪೆಡಲನ್ನು ಒತ್ತಿದ ಕ್ಷಣದಲ್ಲಿ ಹೊಗೆಯು ಸಾಲದು. ಗಾಲಿಯು ವೇಗವನ್ನು ಪಡೆಯಲು ಹೊತ್ತು ಬೇಕು. ಆ ಮೇಲೆ ಬಲವು ಒಮ್ಮೆಗೇ ನುಗ್ಗಿ ಬರುವುದು. ೧೯೭೪ರ ೩ ಲೀಟರಿನ, ೨೬೦ ಅಶ್ವಶಕ್ತಿಯ ಟರ್ಬೊ ಕಾರು ಈ ತಡದಿಂದಲೇ ಕುಖ್ಯಾತವಾಯಿತು. ತಿರುವಿನ ನಡುವೆ ಕೇಳಿದ ಬಲವು ತಿರುವಿನ ಕೊನೆಯಲ್ಲಿ ಬಂದರೆ, ಹಿಂದೆ ಭಾರವುಳ್ಳ ಬಂಡಿಯ ಗತಿಯೇನು? ಮುಂದೆ ಒಂದು ದೊಡ್ಡ ಗಾಲಿಯ ಬದಲು ಎರಡು ಚಿಕ್ಕ ಗಾಲಿಗಳನ್ನಿಟ್ಟು ತಡವನ್ನು ಬಹುಮಟ್ಟಿಗೆ ಕುಗ್ಗಿಸಿದರು, ಅಳಿಸಲಿಲ್ಲ.

೨೦೨೪ರ ಕರೇರಾ ಜಿಟಿಎಸ್ ಕಾರಿನಲ್ಲಿ ಮಾಡಿದ ಉಪಾಯವಿದು: ಟರ್ಬೊದ ಎರಡು ಗಾಲಿಗಳ ನಡುವಿನ ಅಚ್ಚಿನ ಮೇಲೆಯೇ ಸಣ್ಣದೊಂದು ವಿದ್ಯುತ್ ಮೋಟಾರನ್ನು ಕೂರಿಸಿದರು. ಪೆಡಲನ್ನು ಒತ್ತಿದೊಡನೆ, ಹೊಗೆಗೆ ಕಾಯದೆ, ಮೋಟಾರು ಗಾಲಿಯನ್ನು ತಿರುಗಿಸುವುದು. ಹೊಗೆಯು ಹೆಚ್ಚಾದಾಗ ಅದೇ ಮೋಟಾರು ಉತ್ಪಾದಕವಾಗಿ ಮಾರ್ಪಟ್ಟು ೧೧ ಕಿಲೋವಾಟಿನವರೆಗೆ ವಿದ್ಯುತ್ತನ್ನು ಹಿಂದಿರುಗಿಸುವುದು. ಹಳೆಯ ಟರ್ಬೊದಲ್ಲಿ ಹೆಚ್ಚಿನ ಹೊಗೆಯನ್ನು ಬದಿಯ ಕವಾಟದಿಂದ ಚೆಲ್ಲಿಬಿಡುತ್ತಿದ್ದರು. ಇಲ್ಲಿ ಆ ಕವಾಟವೇ ಬೇಡವಾಯಿತು. ಎರಡು ಟರ್ಬೊಗಳ ಸ್ಥಾನದಲ್ಲಿ ಒಂದೇ ಸಾಕಾಯಿತು. ಎರಡನೆಯ ಮೋಟಾರು ಎಂಟು ಗತಿಗಳ ಸ್ವಯಂಚಾಲಿತ ಗೇರುಪೆಟ್ಟಿಗೆಯೊಳಗಿದೆ; ಅದರ ಬಲ ೪೦ ಕಿಲೋವಾಟ್. ಇಂಜಿನೊಂದರಿಂದಲೇ ೪೮೫, ಎಲ್ಲವೂ ಕೂಡಿ ೫೪೧ ಅಶ್ವಶಕ್ತಿ. ಬೆಲ್ಟಿನಿಂದ ನಡೆಯುತ್ತಿದ್ದ ಉಪಯಂತ್ರಗಳು ವಿದ್ಯುತ್ತಿಗೆ ವಶವಾದುದರಿಂದ ಇಂಜಿನಿನ ಎತ್ತರವು ೧೧೦ ಮಿಲಿಮೀಟರು ತಗ್ಗಿತು. ವಿದ್ಯುತ್ತಿನ ಸಲಕರಣೆಗಳನ್ನು ಅಲ್ಲಿಯೇ ಇಟ್ಟರು. ಇಂಜಿನಿನ ಗಾತ್ರವಾದರೋ ೩ ಲೀಟರಿನಿಂದ ೩.೬ ಲೀಟರಿಗೆ ಏರಿತು. ಪೂರ್ಣವೇಗದಲ್ಲಿ ಅಧಿಕ ಪೆಟ್ರೋಲನ್ನು ಸುರಿದು ಇಂಜಿನನ್ನು ತಂಪಾಗಿಡುವ ಹಳೆಯ ರೂಢಿಯನ್ನು ಬಿಟ್ಟು, ಎಲ್ಲ ಸ್ಥಿತಿಗಳಲ್ಲಿಯೂ ಗಾಳಿ ಮತ್ತು ಇಂಧನಗಳ ಸರಿಪ್ರಮಾಣವನ್ನು ಕಾಯ್ದುಕೊಳ್ಳುವುದೇ ಇದರ ಉದ್ದೇಶ.

ಬ್ಯಾಟರಿಯ ಅಳತೆಯಲ್ಲಿ ಈ ಏರ್ಪಾಡಿನ ಅಭಿಪ್ರಾಯವು ಸ್ಪಷ್ಟವಾಗುವುದು. ಅದರ ತೂಕ ೨೭ ಕಿಲೋಗ್ರಾಂ. ಅದರಲ್ಲಿ ಹಿಡಿಯುವ ಶಕ್ತಿ ೧.೯ ಕಿಲೋವಾಟ್-ಗಂಟೆ ಮಾತ್ರ. ಗೇರುಪೆಟ್ಟಿಗೆಯ ಮೋಟಾರನ್ನು ಪೂರ್ಣಬಲದಿಂದ ನಡೆಯಿಸಿದರೆ ಮೂರು ನಿಮಿಷದೊಳಗೆ ಅದು ಬರಿದಾಗುವುದು. ಕೇವಲ ವಿದ್ಯುತ್ತಿನಿಂದ ಈ ಕಾರು ನಡೆಯದು. ಹೊರಗಿನ ತಂತಿಯಿಂದ ಅದಕ್ಕೆ ವಿದ್ಯುತ್ತನ್ನು ತುಂಬುವಂತೆಯೂ ಇಲ್ಲ. ೧,೫೯೫ ಕಿಲೋಗ್ರಾಮಿನ ಈ ಬಂಡಿಯು ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿರುವಾಗ ಅದರ ಚಲನಶಕ್ತಿಯು ೦.೧೭ ಕಿಲೋವಾಟ್-ಗಂಟೆಯಷ್ಟಾಗುವುದು, ಅಂದರೆ ಬ್ಯಾಟರಿಯು ಅಂತಹ ಹನ್ನೊಂದು ನಿಲುಗಡೆಗಳ ಶಕ್ತಿಯನ್ನು ಮಾತ್ರ ಹಿಡಿಯಬಲ್ಲುದು. ಇದು ಉಗ್ರಾಣವಲ್ಲ, ಕೈಚೀಲ: ಈಗ ಬಂದುದನ್ನು ಇನ್ನೊಂದು ಕ್ಷಣಕ್ಕೆ ಖರ್ಚುಮಾಡಲು ಇಟ್ಟುಕೊಂಡುದು.

ಮಿಶ್ರಣಗಳಲ್ಲಿ ಭೇದವೆಣಿಸುವುದು ಕನ್ನಡ ವೈಯಾಕರಣರಿಗೆ ಅಪರಿಚಿತವಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಸ್ಕೃತಪದವನ್ನು ಕನ್ನಡಪದದೊಡನೆ ಸಮಾಸಗೊಳಿಸುವುದನ್ನು ಅರಿಸಮಾಸವೆಂದು ನಿಷೇಧಿಸಿ, ಬಿರುದುಗಳಲ್ಲಿಯೂ ಪೂರ್ವಕವಿಪ್ರಯೋಗಗಳಲ್ಲಿಯೂ ಅದಕ್ಕೆ ಅವಕಾಶವನ್ನು ಕೊಟ್ಟನು. ಅದೇ ಪದವು ತದ್ಭವವಾಗಿ ಕನ್ನಡದ ಧ್ವನಿಗೆ ಬಾಗಿದ್ದರೆ ದೋಷವೇ ಇಲ್ಲ. ಈ ಮಾನದಂಡವನ್ನು ಇಲ್ಲಿಗೆ ತಂದರೆ ವಿನೋದವಾದರೂ ಉಪಯುಕ್ತವೇ. ೨೦೧೦ರಲ್ಲಿ ಇದೇ ಕಾರ್ಖಾನೆಯು ಪಂದ್ಯಕ್ಕಾಗಿ ೯೧೧ ಜಿಟಿ೩ ಆರ್ ಹೈಬ್ರಿಡ್ ಎಂಬ ಕಾರನ್ನು ಕಟ್ಟಿತು. ಅದರಲ್ಲಿ ಹಿಂದಿನ ಚಕ್ರಗಳಿಗೆ ಇಂಜಿನು. ಮುಂದಿನವಕ್ಕೆ ೬೦ ಕಿಲೋವಾಟಿನ ಎರಡು ಮೋಟಾರುಗಳು. ಶಕ್ತಿಯ ಸಂಚಯಕ್ಕೆ ಚಾಲಕನ ಪಕ್ಕದಲ್ಲಿ ನಿಮಿಷಕ್ಕೆ ೪೦,೦೦೦ ಸುತ್ತುಗಳವರೆಗೆ ತಿರುಗುವ ಗತಿಚಕ್ರ. ಎರಡು ಚಾಲನೆಗಳು ಒಂದೇ ಬಂಡಿಯಲ್ಲಿ ಬೇರೆಬೇರೆಯಾಗಿಯೇ ಉಳಿದುವು, ಇದು ಅರಿಸಮಾಸ. ನ್ಯೂರ್ಬರ್ಗ್‌ರಿಂಗಿನ ೨೪ ಗಂಟೆಗಳ ಪಂದ್ಯದಲ್ಲಿ ಅದು ಮುಂದಾಳಾಗಿ ಓಡಿ, ಎರಡು ಗಂಟೆಗಳಿಗಿಂತಲೂ ಕಡಿಮೆ ಉಳಿದಿರಲು ಕೆಟ್ಟು ನಿಂತಿತು. ಪಂದ್ಯದ ಕಾರಿಗೆ ಬಿರುದಿನ ಸ್ವಾತಂತ್ರ್ಯವುಂಟಷ್ಟೆ! ೨೦೨೪ರ ಕಾರಿನಲ್ಲಾದರೋ ವಿದ್ಯುತ್ತು ಇಂಜಿನಿನ ಉಸಿರಿನಲ್ಲಿಯೂ ಗೇರುಪೆಟ್ಟಿಗೆಯ ಅಚ್ಚಿನಲ್ಲಿಯೂ ಕರಗಿಹೋಗಿದೆ, ಅದನ್ನು ತದ್ಭವವೆನ್ನಬೇಕು.

ಇಷ್ಟರಿಂದ ಆಕ್ಷೇಪಗಳೆಲ್ಲ ಪರಿಹಾರವಾದುವೆಂದಲ್ಲ. ಹಿಂದಿನ ಜಿಟಿಎಸ್ ಕಾರಿಗಿಂತ ತೂಕವು ೫೦ ಕಿಲೋಗ್ರಾಂ ಹೆಚ್ಚಿತು. ಆದರೆ ೧೯೬೩ರಿಂದ ಏರಿದ ಐನೂರಕ್ಕೂ ಮಿಕ್ಕ ಕಿಲೋಗ್ರಾಂಗಳಲ್ಲಿ ವಿದ್ಯುತ್ತಿನ ಪಾಲು ಅತ್ಯಲ್ಪ. ಸುರಕ್ಷತೆ, ಸೌಕರ್ಯ ಮತ್ತು ಅಗಲವಾದ ಚಕ್ರಗಳು ಈ ಭಾರವನ್ನು ಬಹಳ ಮುಂಚೆಯೇ ಹೊರಿಸಿದ್ದುವು. ಆಗ ಸುಮ್ಮನಿದ್ದು ಬ್ಯಾಟರಿಯೊಂದನ್ನೇ ದೂಷಿಸುವುದು ನ್ಯಾಯವಲ್ಲ. ನ್ಯೂರ್ಬರ್ಗ್‌ರಿಂಗಿನ ಉತ್ತರ ಸುತ್ತನ್ನು ಹೊಸ ಕಾರು ೭ ನಿಮಿಷ ೧೬.೯೩೪ ಸೆಕೆಂಡುಗಳಲ್ಲಿ ಮುಗಿಸಿತು, ಹಿಂದಿನದಕ್ಕಿಂತ ೮.೭ ಸೆಕೆಂಡು ಕಡಿಮೆ. ಹಿಂದಿನ ಚಕ್ರಗಳನ್ನೂ ಹೊರಳಿಸುವ ಏರ್ಪಾಡು, ಗಾಳಿಯ ಹಾದಿಯನ್ನು ತೆರೆದು ಮುಚ್ಚುವ ರೆಪ್ಪೆಗಳು ಮೊದಲಾದುವು ಕೂಡ ಇದಕ್ಕೆ ನೆರವಾದುದರಿಂದ, ಈ ಲಾಭವನ್ನೆಲ್ಲ ವಿದ್ಯುತ್ತಿನ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ. ಅಲ್ಲದೆ, ರಸ್ತೆಯ ಸ್ಪೋರ್ಟ್ಸ್ ಕಾರನ್ನು ಕೊಳ್ಳುವವನು ಸೆಕೆಂಡುಗಳನ್ನು ಕೊಳ್ಳುವುದಿಲ್ಲ. ಕಾಲಿಗೂ ಚಕ್ರಕ್ಕೂ ನಡುವಿನ ಸಂಭಾಷಣೆಯನ್ನು ಕೊಳ್ಳುವನು. ಆ ದೃಷ್ಟಿಯಿಂದ ಟರ್ಬೊದ ತಡವು ಕಡಿಮೆಯಾದುದೇ ದೊಡ್ಡ ಲಾಭ.

ನಿಜವಾದ ನಷ್ಟವು ಬೇರೆಡೆಯಲ್ಲಿದೆ. ಹಿಂದಿನ ಜಿಟಿಎಸ್ ಕಾರಿನಲ್ಲಿ ಕೈಯಿಂದ ಗೇರು ಬದಲಿಸುವ ಏರ್ಪಾಡು ಬೇಕೆಂದವರಿಗೆ ದೊರೆಯುತ್ತಿತ್ತು. ಹೊಸದರಲ್ಲಿ ಮೋಟಾರು ಸ್ವಯಂಚಾಲಿತ ಗೇರುಪೆಟ್ಟಿಗೆಯ ಒಳಗೇ ಇರುವುದರಿಂದ ಆ ಆಯ್ಕೆಯು ಇಲ್ಲವಾಯಿತು. ಎಡಗಾಲಿಗೂ ಬಲಗೈಗೂ ಕೆಲಸವು ತಪ್ಪಿತು. ಗಾಳಿಯ ತಂಪನ್ನು ಕಳೆದುಕೊಂಡಾಗ ಚಾಲಕನಿಗೆ ಮಾಡುವ ಕೆಲಸವೇನೂ ಕಡಿಮೆಯಾಗಿರಲಿಲ್ಲ. ಕೇಳುವ ಸದ್ದು ಮಾತ್ರ ಬದಲಾಯಿತು. ಇಲ್ಲಿ ಸಂಭಾಷಣೆಯ ಒಂದು ಭಾಗವೇ ನಿಂತುಹೋಯಿತು. ಸಂಪ್ರದಾಯವು ಇಂಜಿನಿನ ಪರಿಶುದ್ಧಿಯಲ್ಲಿಲ್ಲ, ಚಾಲಕನ ಕೈಕಾಲುಗಳ ಪಾತ್ರದಲ್ಲಿದೆ ಎಂದು ಒಪ್ಪುವವರಿಗೆ, ಆಕ್ಷೇಪಿಸತಕ್ಕದ್ದು ವಿದ್ಯುತ್ತಲ್ಲ, ಅದನ್ನು ಇಟ್ಟ ಸ್ಥಳ.

ಕಾರ್ಖಾನೆಯವರು ಇದನ್ನು ಅರಿಯದೆ ಇದ್ದಂತೆ ಕಾಣುವುದಿಲ್ಲ. ಅದೇ ೨೦೨೪ರಲ್ಲಿ ಅವರು ಮಿಶ್ರಚಾಲನೆಯಿಲ್ಲದ ಕರೇರಾ ಟಿ ಮಾದರಿಯನ್ನು ಕೈಗೇರಿನಿಂದಲೇ ಹೊರತಂದರು. ಟರ್ಬೊ ಇಲ್ಲದ ಜಿಟಿ೩ ಮಾದರಿಗೂ ಕೈಗೇರನ್ನು ಉಳಿಸಿದರು. ೨೦೨೫ನೆಯ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಪ್ರದರ್ಶನದಲ್ಲಿ ತೋರಿಸಿದ ಟರ್ಬೊ ಎಸ್ ಕಾರಿನಲ್ಲಿ ವಿದ್ಯುತ್ ಟರ್ಬೊಗಳು ಎರಡಾದುವು, ಬಲವು ೭೧೧ ಅಶ್ವಶಕ್ತಿಗೆ ಏರಿತು, ತೂಕವೂ ಹಿಂದಿನದಕ್ಕಿಂತ ೮೫ ಕಿಲೋಗ್ರಾಂ ಹೆಚ್ಚಿತು. ಮೊದಲೇ ಸ್ವಯಂಚಾಲಿತ ಗೇರನ್ನು ಮಾತ್ರ ಉಳ್ಳುದಾಗಿದ್ದ ಆ ಮಾದರಿಗೆ ಮಿಶ್ರಚಾಲನೆಯಿಂದ ಕೈಗೇರಿನ ನಷ್ಟವೇನೂ ಒದಗಲಿಲ್ಲ.