ಮಣ್ಣಿನ ಒಡಲು, ಲೋಹದ ತೊಗಲು

ಮಣ್ಣಿಗೂ ಲೋಹಕ್ಕೂ ಸ್ವಭಾವತಃ ಸ್ನೇಹವಿಲ್ಲ. ಹಸಿಯ ಜೇಡಿಮಣ್ಣಿನ ಮೂರ್ತಿಯೊಳಗೆ ತಾಮ್ರದ ತಂತಿಯನ್ನು ಹುದುಗಿಸಿ ಆವಗೆಯಲ್ಲಿ ಸುಟ್ಟರೆ, ಒಣಗುವಾಗಲೂ ಬೇಯುವಾಗಲೂ ಕುಗ್ಗುತ್ತಲೇ ಹೋಗುವ ಮಣ್ಣು, ಕುಗ್ಗಲೊಲ್ಲದೆ ಕಾವಿಗೆ ಹಿಗ್ಗುವ ತಂತಿಯೊಡನೆ ಹೊಂದಲಾರದೆ ಸೀಳಿಬಿಡುತ್ತದೆ. ಬೆಂಕಿ 1,085 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ತಾಮ್ರವೇ ಕರಗಿ ಹರಿಯುತ್ತದೆ. ಆದಕಾರಣ ಇಂದಿನ ಶಿಲ್ಪಿಗಳು ಮಣ್ಣಿಗೆ ಸುಟ್ಟ ಮಡಕೆಯ ಪುಡಿಯನ್ನು ಬೆರೆಸಿ ಕುಗ್ಗುವುದನ್ನು ತಗ್ಗಿಸುತ್ತಾರೆ, ಇಲ್ಲವೆ ಮೂರ್ತಿ ಬೆಂದು ಆರಿದ ಮೇಲೆಯೇ ಲೋಹವನ್ನು ಕೂಡಿಸುತ್ತಾರೆ.

ಪ್ರಾಚೀನರಾದರೋ ಈ ವ್ಯಾಜ್ಯವನ್ನು ಮೇಣದ ಮಧ್ಯಸ್ಥಿಕೆಯಿಂದ ತೀರಿಸಿದ್ದರು. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು, ಅಡುಗೆಯಿಂದ ಮೊದಲ್ಗೊಂಡು ಆನೆಯ ಆರೈಕೆಯವರೆಗೆ ಏನನ್ನೂ ಬಿಡದೆ ಹೇಳುವ ತನ್ನ ‘ಮಾನಸೋಲ್ಲಾಸ’ದಲ್ಲಿ ಇದನ್ನೂ ವಿವರಿಸಿರುವನು. ಮೊದಲು ಮೇಣದ ಪ್ರತಿಮೆ. ಅದರ ಮೇಲೆ, ಕರಿದಾದ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಕೊಂಚ ಉಪ್ಪು ಇವನ್ನು ಬೆರೆಸಿ ನುಣ್ಣಗೆ ಅರೆದ ಮಣ್ಣಿನ ಲೇಪ, ಅದೂ ಒಂದಾರಿದ ಮೇಲೊಂದರಂತೆ ಮೂರು ಸಲ. ಬೆಂಕಿಗೆ ಮೇಣವು ಕರಗಿ ಹೊರಟುಹೋಗಲು, ಅದು ತೆರವುಮಾಡಿಕೊಟ್ಟ ಎಡೆಗೆ ಕರಗಿದ ಲೋಹವನ್ನು ಎರೆಯುವುದು. ಹೊಟ್ಟಿನ ಕರಿಯಿಂದ ಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳು ಉಳಿದು ಆವಿಗೆ ದಾರಿಯಾಗುತ್ತವೆ. ಬೆಳ್ಳಿಯು ಮೇಣದ 12 ಪಟ್ಟು, ಚಿನ್ನವು 16 ಪಟ್ಟು ತೂಗಬೇಕೆಂಬ ಲೆಕ್ಕವೂ ಅಲ್ಲುಂಟು. ಭಂಡಾರದಿಂದ ಚಿನ್ನ ತೆಗೆದುಕೊಡುವ ಅರಸನಿಗೆ ಬೇಕಾದ ಲೆಕ್ಕವೇ ಸರಿ!

ಇಲ್ಲಿ ಮಣ್ಣು ಕೇವಲ ಅಚ್ಚು. ಕೆಲಸ ತೀರಿದೊಡನೆ ಒಡೆದು ಬಿಸಾಡುವರು. ಬಸ್ತರದ ಘಡ್ವಾ ಕುಶಲಿಗಳಾದರೆ ಹೊಟ್ಟೆಯನ್ನೂ ಮಣ್ಣಿನಿಂದಲೇ ಮಾಡುವರು: ಮಣ್ಣಿನ ಆನೆ, ಮಣ್ಣಿನ ಕುದುರೆ, ಅದರ ಮೈಗೆ ಶ್ಯಾವಿಗೆಯಂತೆ ಒತ್ತಿತೆಗೆದ ಮೇಣದ ಎಳೆಗಳನ್ನು ಸುತ್ತಿ, ಹೊರಗೆ ಮತ್ತೆ ಮಣ್ಣು ಬಳಿದು, ಎರಡು ಮಣ್ಣುಗಳ ನಡುವಿನ ಆ ತೆಳುವಾದ ಎಡೆಗೆ ಹಿತ್ತಾಳೆಯನ್ನು ಎರೆಯುವರು. ಎಳೆಯ ಗೀರುಗಳೆಲ್ಲವೂ ಲೋಹದ ಮೇಲೆ ಹಾಗೆಯೇ ಮೂಡಿ ನಿಲ್ಲುತ್ತವೆ. ಮ್ಯೂನಿಕ್ಕಿನಲ್ಲಿ ಶಿಲ್ಪವನ್ನು ಅಭ್ಯಸಿಸಿ ಬಂದ ಬಂಗಾಳದ ಮೀರಾ ಮುಖರ್ಜಿಯವರು (1923–1998) ಇವರ ಬಳಿಗೆ ಹೋಗಿ ಮತ್ತೊಮ್ಮೆ ಶಿಷ್ಯತ್ವ ವಹಿಸಿದರು. ಅವರ ‘ಕಳಿಂಗದಲ್ಲಿ ಅಶೋಕ’ ಎಂಬ ಆಳೆತ್ತರವನ್ನೂ ಮೀರಿದ ಕಂಚಿನ ಮೂರ್ತಿಯ ಒರಟು ಮೈಯನ್ನು ಕಂಡಾಗ, ಉಜ್ಜಿ ಹೊಳೆಯಿಸಿದ ಎರಕಗಳೆಲ್ಲ ನನಗೆ ಸಪ್ಪೆಯಾಗಿ ತೋರುತ್ತವೆ.

ಬಸ್ತರದ ಹಳೆಯ ಹಿತ್ತಾಳೆಯಾನೆಯನ್ನು ತಲೆಕೆಳಗು ಹಿಡಿದು ಅಡಿಯ ಕಂಡಿಯಲ್ಲಿ ಇಣುಕಿದರೆ, ಅನೇಕ ವೇಳೆ ಆ ಒಡಲ ಮಣ್ಣು ಬೆಂದು ಕಪ್ಪಾಗಿ ಇನ್ನೂ ಒಳಗೇ ಇರುತ್ತದೆ; ಮೆಲ್ಲನೆ ತಟ್ಟಿದರೆ ನಾಲ್ಕು ಹರಳು ಅಂಗೈಗೆ ಉದುರುತ್ತವೆ.