ದುಂಡಸಿಯ ಹಿತ್ತಲಿಗೆ ಬಂದ ಪಡಸಾಲೆ ಕಂಬಗಳು

ಶಿಗ್ಗಾವಿ ತಾಲ್ಲೂಕಿನ ದುಂಡಸಿ ಕಾಡಿನ ಮಗ್ಗುಲಲ್ಲೇ ಇದೆ. ಈ ಊರಿನ ಹೆಸರಿನ ಅರಣ್ಯ ವಲಯವೂ ಉಂಟು. ಹಾಗಾಗಿ ಇಲ್ಲಿನ ಹಳೆಯ ಮಣ್ಣಿನ ಮನೆಗಳಲ್ಲಿ ಮರಕ್ಕೆ ಬರವಿರಲಿಲ್ಲ. 2019ರ ಆಗಸ್ಟ್ ಮಳೆಗೆ ಹಾವೇರಿ ಜಿಲ್ಲೆಯಲ್ಲಿ ಸಾವಿರಾರು ಮನೆಗಳು ಹಾನಿಗೊಂಡವು. ಬಿದ್ದ ಮಣ್ಣಿನ ಗೋಡೆಯ ಜಾಗದಲ್ಲಿ ಸ್ಲ್ಯಾಬಿನ ಮನೆ ಎದ್ದರೆ ತೊಲೆ ಬೇಡ, ಜಂತಿ ಬೇಡ, ಹಂಚೂ ಬೇಡ. ಅವೆಲ್ಲ ಎಲ್ಲಿ ಹೋದವು ಎಂದು ನೋಡಲು ಹಿತ್ತಲಿಗೇ ಹೋಗಬೇಕು.

ನಾನು ಹೊಕ್ಕ ಹಿತ್ತಲಿನಲ್ಲಿ ಹೀರೆಬಳ್ಳಿಯ ಚಪ್ಪರವನ್ನು ನಾಲ್ಕು ಸಾಗವಾನಿ ಕಂಬಗಳು ಹೊತ್ತಿವೆ. ಒಂದರ ನೆತ್ತಿಯಲ್ಲಿ ಬೋದಿಗೆ ಇನ್ನೂ ಇದೆ. ಅದರಲ್ಲಿ ಕೊರೆದ ಕಮಲದ ಎಸಳುಗಳ ನಡುವೆ ಹಳೆಯ ಸುಣ್ಣ ಕೂತಿದೆ, ಎಸಳಿಗೊಂದು ಬಳ್ಳಿಯ ಕುಡಿ ಸುತ್ತಿಕೊಂಡಿದೆ. ಕಂಬವನ್ನು ನೆಲದಲ್ಲಿ ಹೂಳಿಲ್ಲ. ಹಳೆಮನೆಯ ಅಡಿಗಲ್ಲನ್ನೇ ತಂದು ಅದರ ಮೇಲೆ ನಿಲ್ಲಿಸಿದ್ದಾರೆ. ಮರಕ್ಕೆ ಹಸಿಮಣ್ಣು ತಾಗುವುದಿಲ್ಲ, ವರಲಿ ಹತ್ತಿದರೂ ಕಲ್ಲಿನ ಮೇಲೆ ಅದರ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಅಡ್ಡತೊಲೆಗೆ ಮೊಳೆ ಹೊಡೆದಿಲ್ಲ. ಹಳೆಯ ತೂತಿಗೇ ಕೂಡಿಸಿ ಬೆಣೆ ಬಡಿದಿದ್ದಾರೆ. ಬಡಿಗರ ಈ ಕೆಲಸವನ್ನು ಎಷ್ಟು ನೋಡಿದರೂ ನನಗೆ ತೃಪ್ತಿಯಾಗಲಿಲ್ಲ.

“ಇವು ನಮ್ಮ ಪಡಸಾಲಿ ಕಂಬ ರೀ. ನಮ್ಮ ಮಾವನವರು ಇದಕ್ಕ ಒರಗಿ ಕುಂಡ್ರತಿದ್ರು. ಒಲಿಗೆ ಹಾಕಾಕ ಮನಸ ಬರಲಿಲ್ಲ,” ಎಂದರು ಮನೆಯ ಅವ್ವ.

ಮಂಗಳೂರು ಹಂಚುಗಳು ಕೊತ್ತಂಬರಿ, ಮೆಂತ್ಯೆ ಮಡಿಗಳ ಅಂಚಿಗೆ ಅರ್ಧ ಹೂತು ನಿಂತಿವೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಿಂದ ಘಟ್ಟ ಹತ್ತಿ ಬಂದ ಸರಕು ಇದು. ಬೇಲಿಗೆ ಬೋರಿನ ಹಳೆ ಪೈಪು, ಹರಿದ ಸೀರೆ, ಕೋಳಿಗೂಡಿಗೆ ತಗಡು. ಒಡೆದ ಸಿಮೆಂಟ್ ಶೀಟು ಮಾತ್ರ ಬೇಡವೇ ಬೇಡ. ಹಳೆಯ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಕೊಯ್ದರೆ ಏಳುವ ಧೂಳು ಶ್ವಾಸಕೋಶಕ್ಕೆ ವಿಷ.

ಇದೇ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಬದುಕನ್ನು ಅಲ್ಲಿ ಸಿಮೆಂಟಿನಲ್ಲಿ ಆಳೆತ್ತರ ನಿಲ್ಲಿಸಿದ್ದಾರೆ, ನೋಡಲೇಬೇಕಾದ ಜಾಗ. ಅದನ್ನು ನೋಡಿದವರು ದುಂಡಸಿಗೂ ಬರಲಿ ಎಂಬುದು ನನ್ನ ಆಸೆ. ಹಳೆಮನೆಯ ಮರ ಇಲ್ಲಿ ಇವತ್ತಿಗೂ ಭಾರ ಹೊರುತ್ತಿದೆ.

ಬಚ್ಚಲ ಪಕ್ಕದಲ್ಲಿ ತಲೆಬಾಗಿಲಿನ ಚೌಕಟ್ಟು ತಾಡಪಾಲಿನಡಿ ಮಲಗಿದೆ. ಅದನ್ನು ಮಾರಿಬಿಡೋಣ ಎನ್ನುತ್ತಾನೆ ಮಗ. ಹಿತ್ತಲ ಬಾಯಿಗೆ ನಿಲ್ಲಿಸಿ ಮಲ್ಲಿಗೆ ಹಬ್ಬಿಸಬೇಕು ಎನ್ನುತ್ತಾರೆ ಅವ್ವ. ಬಡಿಗರಿಗೆ ಅವರು ಆಗಲೇ ಹೇಳಿ ಕಳಿಸಿದ್ದಾರೆ.